ಕಣ್ಣು ತೆರೆಸಲು ಹೋದ ಟೂರಿಸ್ಟ್

೧೯೯೬ರಲ್ಲಿ ನಾನು ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಎದುರಿಗಿದ್ದ ಒಂದು ಟ್ರಾವೆಲ್ಸ್ ಕಚೇರಿಯಲ್ಲಿ ಟಿಕೆಟಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬಳೇ. ಒಂದು ಮೇಜು, ಒಂದು ಫೋನು, ಗಿರಾಕಿಗಳಿಗೆ ಒಂದು ಬೆಂಚು, ಗೋಡೆಯ ಮೇಲೆ ವಿಮಾನದ ಚಿತ್ರವಿರುವ ಕ್ಯಾಲೆಂಡರು. ಮಾಲೀಕರಿಗೆ ಕೋಟೆ, ಸಂಗಮ, ಬೃಂದಾವನ ಎಂದು ಜನರನ್ನು ಸುತ್ತಿಸುವ ವ್ಯಾನುಗಳ ಮೇಲೇ ಪ್ರೀತಿ. ವಿಮಾನದ ವ್ಯವಹಾರವೆಂದರೆ ಅವರಿಗೆ ಬೇರೆಯವರ ಮನೆಯ ಕೂಸು. ಆಡಿಸಿದರೂ ಆಯಿತು, ಬಿಟ್ಟರೂ ಆಯಿತು. ಹಾಗಾಗಿ ಆ ಮೇಜಿನ ಮೇಲೆ ನನ್ನದೇ ದರ್ಬಾರು.

ನನ್ನೂರು ಪಾಂಡವಪುರ. ದಿನಾ ಬೆಳಿಗ್ಗೆ ಬಸ್ಸಿಳಿದು ಬಂದು ಷಟರ್ ಎತ್ತುತ್ತಿದ್ದೆ. ಮೈಸೂರಿನ ದೊಡ್ಡ ಏಜೆಂಟರ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವ ಜನ ನನ್ನ ಹತ್ತಿರ ಬರುತ್ತಿದ್ದರು. ಗಲ್ಫಿಗೆ ಹೋಗುವ ಡ್ರೈವರುಗಳು, ನರ್ಸ್ ಹುಡುಗಿಯರು, ಮಗಳ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತುವ ತಾಯಂದಿರು. ನಾಗಮಂಗಲ, ಕೆ.ಆರ್. ಪೇಟೆಯ ಕಡೆಯವರಿಗೆ ನಾನು ಟಿಕೀಟಮ್ಮ. ನನ್ನ ನಿಜವಾದ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಕಿಕ್ಕೇರಿಯ ಬೋರೇಗೌಡರು ಒಬ್ಬರನ್ನು ಕರೆದುಕೊಂಡು ಬಂದರು. ಬೋರೇಗೌಡರು ಕಬ್ಬು ಬೆಳೆಯುವವರು, ಊರಿನ ಹಾಲಿನ ಡೈರಿಯ ಸೆಕ್ರೆಟರಿ, ಬಾಯಿ ಜೋರು. ಅವರ ಜೊತೆ ಬಂದವರ ಬಾಯಿಂದ ಮಾತು ಹೊರಡಿಸಬೇಕಾದರೆ ಗೌಡರು ಮೊಣಕೈಯಿಂದ ತಿವಿಯಬೇಕಿತ್ತು. ಅವರ ಹೆಸರು ನಂಜುಂಡಾಚಾರ್. ನಾಗಮಂಗಲದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ಮನೆತನ. ಇಬ್ಬರೂ ಹುಡುಗರಾಗಿದ್ದಾಗ ಒಂದೇ ಹಾಸ್ಟೆಲಿನಲ್ಲಿ ಇದ್ದವರಂತೆ. ಗೌಡರು ಅವರನ್ನು ಎಲ್ಲರೆದುರಿಗೂ ‘ಲೇ ನಂಜುಂಡ’ ಎಂದೇ ಕರೆಯುತ್ತಿದ್ದರು.

ಆಚಾರ್ರು ಅದಕ್ಕೆ ಹಿಂದಿನ ವರ್ಷ ಪೂರ್ತಿ ಹಿಂದೂ ಮಹಾಸಾಗರದ ಒಂದು ದ್ವೀಪದೇಶದಲ್ಲಿದ್ದು ಬಂದಿದ್ದರು. ಆ ದೇಶದ ಹೆಸರು ಇಲ್ಲಿ ಬೇಡ. ಅಲ್ಲಿ ನೆಲೆಸಿದ್ದ ನಮ್ಮ ಪಾಂಡವಪುರದ ಕಡೆಯ ಡಾಕ್ಟರೊಬ್ಬರು ನಾಲ್ಕು ಜನರನ್ನು ಸೇರಿಸಿ ಸಮಿತಿ ಮಾಡಿ ನಾರಾಯಣನ ಗುಡಿ ಕಟ್ಟಿಸುತ್ತಿದ್ದರು. ವಿಗ್ರಹವನ್ನು ಇಲ್ಲೇ ಮಾಡಿಸಿ ಹಡಗಿನಲ್ಲಿ ಕಳಿಸಬಹುದಿತ್ತು. ಆದರೆ ಪಂಚಲೋಹ ಕುದಿಯುವಾಗ ಭಕ್ತರು ತಮ್ಮ ಕೈಯಾರೆ ಒಂದು ಓಲೆಯನ್ನೋ ಮೂಗುಬೊಟ್ಟನ್ನೋ ಮೂಸೆಗೆ ಹಾಕುವ ಪದ್ಧತಿ ನಮ್ಮಲ್ಲಿದೆಯಲ್ಲ, ಅಲ್ಲಿನ ಹೆಂಗಸರು ಅದಕ್ಕೆ ಪಟ್ಟು ಹಿಡಿದರಂತೆ. ಅದಕ್ಕಾಗಿ ಆಚಾರ್ರಿಗೆ ವರ್ಕ್ ಪರ್ಮಿಟ್ ಮಾಡಿಸಿ ಕರೆಸಿಕೊಂಡಿದ್ದರು. ವರ್ಕ್ ಪರ್ಮಿಟ್ ಎಂದರೆ ಹೊರದೇಶದವನು ಇಂಥ ಕೆಲಸವನ್ನು ಇಂಥ ಕಡೆ ಇಷ್ಟು ದಿನ ಮಾಡಬಹುದು ಎಂದು ಆ ದೇಶದ ಸರ್ಕಾರ ಕೊಡುವ ಅನುಮತಿ. ಅವಧಿ ಮುಗಿದ ಮೇಲೆ ಅದಕ್ಕೆ ಬೆಲೆಯಿಲ್ಲ.

ಮೊದಲ ಎರಕ ಬಿರುಕು ಬಿಟ್ಟಿತು. ಅಚ್ಚಿಗೆ ಬಳಸುವ ಅಲ್ಲಿನ ಮಣ್ಣಿನ ಹದ ಕೈಗೆ ಸಿಗಲು ತಡವಾಯಿತು. ಎರಡನೆಯದು ಚೆನ್ನಾಗಿ ಬಂತು. ಕೆತ್ತಿ, ತಿಕ್ಕಿ, ಹೊಳಪು ಕೊಟ್ಟು ಮುಗಿಸುವ ಹೊತ್ತಿಗೆ ಪರ್ಮಿಟ್ ಮುಗಿದಿತ್ತು, ಗುಡಿ ಮಾತ್ರ ಮುಗಿದಿರಲಿಲ್ಲ. ವಿಗ್ರಹಕ್ಕೆ ಕಣ್ಣು ತೆರೆಸುವುದು ಪ್ರತಿಷ್ಠೆಯ ಹೊತ್ತಿಗೇ. ಅಲ್ಲಿಯ ತನಕ ರೆಪ್ಪೆಯೊಳಗಿನ ಗೆರೆಯನ್ನು ಎಳೆಯುವಂತಿಲ್ಲ. ಆಚಾರ್ರು ಕಣ್ಣಿಲ್ಲದ ನಾರಾಯಣನನ್ನು ಬಟ್ಟೆಯಲ್ಲಿ ಸುತ್ತಿ, ಗುಡಿಯ ಮೂಲೆಯಲ್ಲಿ ನಿಲ್ಲಿಸಿ, ಕಾನೂನಿನ ಪ್ರಕಾರ ಊರಿಗೆ ಹೊರಟು ಬಂದಿದ್ದರು. ಈಗ ಗುಡಿ ಮುಗಿದು ಮುಹೂರ್ತ ನಿಂತಿತ್ತು. ಮಾಡಿದವನೇ ಕಣ್ಣು ತೆರೆಸಬೇಕು ಎಂಬುದು ಆ ಕುಲದ ಕಟ್ಟುಪಾಡು.

ಹೊಸ ಪರ್ಮಿಟ್ಟಿಗೆ ಸಮಿತಿ ಅರ್ಜಿ ಹಾಕಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಪರ್ಮಿಟ್ ಕೊಡುವ ಬಾಬತ್ತೇ ತಮ್ಮಲ್ಲಿಲ್ಲ, ವರ್ಷದ ಕೆಲಸವಾದರೆ ಹೇಳಿ, ಅದಕ್ಕೂ ತಿಂಗಳುಗಟ್ಟಲೆ ಕಾಯಬೇಕು ಎಂದು ಅಲ್ಲಿನ ಕಚೇರಿ ಹೇಳಿತಂತೆ. ಆಗ ಡಾಕ್ಟರಿಗೆ ಒಂದು ದಾರಿ ಕಂಡಿತು. ಆ ದೇಶಕ್ಕೆ ಪ್ರವಾಸಿಗಳಾಗಿ ಹೋಗುವ ಭಾರತೀಯರಿಗೆ ವೀಸಾ ಬೇಕಿರಲಿಲ್ಲ. ವಿಮಾನದಿಂದ ಇಳಿದು, ವಾಪಸ್ ಟಿಕೆಟ್ ತೋರಿಸಿದರೆ ಎರಡು ವಾರ ಇರಲು ಮುದ್ರೆ ಒತ್ತಿ ಒಳಗೆ ಬಿಡುತ್ತಿದ್ದರು. ಟೂರಿಸ್ಟ್ ಆಗಿ ಬನ್ನಿ, ಕಣ್ಣು ತೆರೆಸಿ, ಪ್ರಸಾದ ತಿಂದು ಹೊರಡಿ ಎಂದು ಅವರು ಬರೆದಿದ್ದರು.

ನಾನು ಪುಸ್ತಕ ತೆಗೆದು ನೋಡಿದೆ. ಯಾವ ದೇಶದವರಿಗೆ ಎಲ್ಲಿ ವೀಸಾ ಬೇಕು, ಎಲ್ಲಿ ಬೇಡ ಎಂದು ಏರ್‌ಲೈನ್ಸ್‌ನವರು ನಮಗೆ ಕಳಿಸುತ್ತಿದ್ದ ದಪ್ಪ ಪುಸ್ತಕ ಅದು. ಡಾಕ್ಟರು ಹೇಳಿದ್ದು ಸರಿಯಿತ್ತು. ಕೂಲಿಯಿಲ್ಲ, ಸಂಬಳವಿಲ್ಲ, ಒಂದು ಪೂಜೆಯ ಭಾಗ. ಇದನ್ನು ಕೆಲಸ ಎನ್ನುವುದಾದರೆ ತೇರಿಗೆ ಬಾಳೆಹಣ್ಣು ಎಸೆಯುವುದನ್ನೂ ಕೆಲಸ ಎನ್ನಬೇಕು. ಆದರೂ ಪಾಸ್‌ಪೋರ್ಟಿನಲ್ಲಿ ಹಳೆಯ ಪರ್ಮಿಟ್ಟಿನ ಮುದ್ರೆ ಇತ್ತು. ಅದನ್ನು ನೋಡಿದ ಅಧಿಕಾರಿ ಇವನು ಕದ್ದು ದುಡಿಯಲು ಬಂದಿದ್ದಾನೆ ಎಂದುಕೊಳ್ಳುವ ಸಂಭವ ಇದ್ದೇ ಇತ್ತು. ಅದಕ್ಕೇ ಆಚಾರ್ರನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದೆ. ಉಳಿ, ಸುತ್ತಿಗೆ, ಅರ ಯಾವುದನ್ನೂ ಒಯ್ಯಬೇಡಿ. ಏಕೆ ಬಂದಿರಿ ಎಂದು ಕೇಳುತ್ತಾರೆ. ಟೂರಿಸ್ಟ್, ದೇವಸ್ಥಾನ ನೋಡಲು ಬಂದೆ ಎನ್ನಿ. ಅದಕ್ಕಿಂತ ಒಂದಕ್ಷರ ಹೆಚ್ಚು ಬೇಡ.

ಅವರು ತಲೆಯಾಡಿಸಿದರು. ಗೌಡರು ತಾವೇ ಅಧಿಕಾರಿಯಾಗಿ ಮೀಸೆ ತಿರುವಿ ಎರಡು ಸಲ ಪ್ರಶ್ನೆ ಕೇಳಿದರು. ಎರಡು ಸಲವೂ ಆಚಾರ್ರು, ‘ಟೂರಿಸ್ಟು. ಗುಡಿ ನೋಡಕ್ಕೆ ಬಂದೆ’ ಎಂದು ಒಪ್ಪಿಸಿದರು. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದಷ್ಟು ಚೆನ್ನಾಗಿ ಬಂತು. ನನಗೆ ಧೈರ್ಯ ಬಂತು, ಬೆಂಗಳೂರು–ಬೊಂಬಾಯಿ, ಅಲ್ಲಿಂದ ದ್ವೀಪಕ್ಕೆ, ಹಾಗೇ ವಾಪಸ್ಸಿಗೂ ಸೇರಿಸಿ ಟಿಕೆಟ್ ಬರೆದೆ.

ಆಚಾರ್ರು ಬೊಂಬಾಯಿಯಿಂದ ಹಾರಿದ ಮಾರನೆಯ ಬೆಳಿಗ್ಗೆ ನಾನು ಷಟರ್ ಎತ್ತುವ ಮೊದಲೇ ಬೋರೇಗೌಡರು ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಡೈರಿಯ ಲೆಕ್ಕವನ್ನು ಬೇರೆಯವರಿಗೆ ಒಪ್ಪಿಸಿ ಮೊದಲ ಬಸ್ಸಿಗೇ ಬಂದಿದ್ದರು. ನಂಜುಂಡ ಇಳಿದನೋ ಇಲ್ಲವೋ ಎಂಬುದು ಅವರ ಚಿಂತೆ. ವಿಮಾನ ಕಿಕ್ಕೇರಿ ಬಸ್ಸಲ್ಲ, ನಡುದಾರಿಯಲ್ಲಿ ಇಳಿಸಿ ಹೋಗುವುದಿಲ್ಲ ಎಂದು ಛೇಡಿಸಿದೆ. ಇಬ್ಬರೂ ಟೀ ತರಿಸಿ ಕುಡಿಯುತ್ತಿದ್ದಾಗ ಫೋನು ಬಂತು. ಆ ಉದ್ದನೆಯ ಗಂಟೆ ಕೇಳಿದರೇ ಹೊರದೇಶದ್ದು ಎಂದು ಗೊತ್ತಾಗುತ್ತಿತ್ತು.

ಆ ತುದಿಯಲ್ಲಿ ಡಾಕ್ಟರು. ಅವರು ಆಚಾರ್ರನ್ನು ಕರೆದೊಯ್ಯಲು ಏರ್‌ಪೋರ್ಟಿಗೆ ಬಂದು ಹೊರಗೆ ಕಾಯುತ್ತಿದ್ದರಂತೆ. ಒಳಗಿನಿಂದ ಬಂದ ಒಬ್ಬ ಸಿಬ್ಬಂದಿ ಇವರ ಹೆಸರು ಕೂಗಿ ಇಮಿಗ್ರೇಷನ್ ಕೋಣೆಗೆ ಕರೆದೊಯ್ದ. ಇಮಿಗ್ರೇಷನ್ ಎಂದರೆ ದೇಶದ ಹೊಸ್ತಿಲು; ಅದನ್ನು ದಾಟುವ ತನಕ ನೀವು ಆ ನೆಲದ ಮೇಲೆ ನಿಂತಿದ್ದರೂ ಕಾನೂನಿನ ಲೆಕ್ಕದಲ್ಲಿ ಒಳಗೆ ಬಂದಿರುವುದಿಲ್ಲ. ಆಚಾರ್ರು ಒಂದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಎದುರಿಗೆ ಒಬ್ಬ ಅಧಿಕಾರಿ. ಆತನ ಅಜ್ಜಿಯ ಹಿರಿಯರು ಭಾರತದಿಂದ ಹೋದವರಂತೆ, ಒಳ್ಳೆಯ ಮನುಷ್ಯ, ದನಿ ಏರಿಸಿರಲಿಲ್ಲ.

ನಡೆದದ್ದು ಇಷ್ಟು. ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಹಳೆಯ ಮುದ್ರೆ ನೋಡಿ, ಈಗ ಏಕೆ ಬಂದಿರಿ ಎಂದು ಹಿಂದಿಯಲ್ಲಿ ಕೇಳಿದ. ಆಚಾರ್ರು, ನಾನು ಮಾಡಿದ ದೇವರಿಗೆ ಕಣ್ಣು ತೆರೆಸಬೇಕು, ಅದಕ್ಕೆ ಬಂದೆ ಎಂದರು. ಯಾರು ತೆರೆಸುವುದು ಎಂದರೆ ನಾನೇ ಎಂದರು. ಯಾವುದರಲ್ಲಿ ಎಂದು ಕೇಳಿದ್ದಕ್ಕೆ, ಯಾರೂ ತಡಕದೇ ಇದ್ದರೂ, ಸೊಂಟದ ಉಡುದಾರಕ್ಕೆ ಕಟ್ಟಿದ್ದ ಬೆರಳುದ್ದದ ಚಿನ್ನದ ಉಳಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ತೋರಿಸಿದರು. ಉಳಿ ಒಯ್ಯಬೇಡಿ ಎಂದು ನಾನು ಹೇಳಿದ್ದಕ್ಕೆ ಮನೆಯಲ್ಲಿ ಕಬ್ಬಿಣದ ಉಳಿಗಳನ್ನೆಲ್ಲ ಎಣ್ಣೆ ಹಚ್ಚಿ ಎತ್ತಿಟ್ಟು ಬಂದಿದ್ದರು. ಇದು ದೇವರ ಗೂಡಿನಲ್ಲಿ ಇರುವ ಉಳಿ. ಅದನ್ನು ಅವರು ಉಪಕರಣ ಎಂದು ಎಣಿಸಿಯೇ ಇರಲಿಲ್ಲ.

ಆದರೂ ಆ ಅಧಿಕಾರಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಡಾಕ್ಟರನ್ನು ಒಳಗೆ ಕರೆಸಿ, ‘ಇವರು ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ, ಇನ್ನೂ ಬರೆದುಕೊಂಡಿಲ್ಲ. ಗುಡಿ ನೋಡಲು ಬಂದೆ ಎಂದು ಅವರ ಬಾಯಿಂದ ಒಂದು ಮಾತು ಬರಲಿ, ಅದನ್ನೇ ಬರೆದು ಮುದ್ರೆ ಒತ್ತುತ್ತೇನೆ’ ಎಂದನಂತೆ. ಡಾಕ್ಟರು ಕೈಮುಗಿದು ಕೇಳಿದರೂ ಆಚಾರ್ರು ಒಪ್ಪಲಿಲ್ಲ. ಕೊನೆಗೆ, ನಿಮ್ಮ ಮಾತಾದರೂ ಕೇಳಬಹುದೇನೋ ಎಂದು ಅನುಮತಿ ಪಡೆದು ನನಗೆ ಫೋನು ಹಚ್ಚಿದ್ದರು.

ನನಗೆ ಸಿಟ್ಟು ನೆತ್ತಿಗೇರಿತ್ತು. ಎರಡು ಸಲ ಪಾಠ ಒಪ್ಪಿಸಿದ ಮನುಷ್ಯ ಪರೀಕ್ಷೆಯ ದಿನ ಹೀಗೆ ಮಾಡಿದರೆ ಯಾರಿಗೆ ಬರುವುದಿಲ್ಲ? ಅವರು ಫೋನಿಗೆ ಬಂದೊಡನೆ ಹೇಳಿದೆ:

“ಆಚಾರ್ರೆ, ದೇವಸ್ಥಾನ ನೋಡೋಕೆ ಬಂದೆ ಅನ್ನಿ, ಸಾಕು. ಅದೇನು ಸುಳ್ಳಲ್ಲವಲ್ಲ. ಹೋದ ಮೇಲೆ ನೋಡೇ ನೋಡ್ತೀರಿ.”

“ನೋಡ್ತೀನಿ ತಾಯಿ. ಆದ್ರೆ ಅವ್ರು ಕೇಳ್ತಿರೋದು ಯಾಕ್ ಬಂದೆ ಅಂತ. ನೋಡಕ್ಕೆ ಬಂದೆ ಅಂದ್ರೆ ಸುಳ್ಳಾಯ್ತದೆ.”

“ಇಲ್ಲಿ ಒಪ್ಕೊಂಡಿದ್ರಲ್ಲ, ಹಂಗೇ ಹೇಳ್ತೀನಿ ಅಂತ?”

“ಅವಾಗ ಉಳಿ ಎತ್ತಿರ್ನಿಲ್ಲ ತಾಯಿ.”

ಆ ಮಾತು ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕಿವಿಯಿಟ್ಟು ಕೇಳುತ್ತಿದ್ದ ಗೌಡರಿಗೆ ಅರ್ಥವಾಯಿತು. ಅವರು ಹಣೆ ಚಚ್ಚಿಕೊಂಡರು. ಆ ಮನೆತನದಲ್ಲಿ ಒಂದು ನೇಮವಿದೆ. ಚಿನ್ನದ ಉಳಿಯನ್ನು ದೇವರ ಗೂಡಿನಿಂದ ಎತ್ತಿಕೊಂಡು ಹೊರಟ ಗಳಿಗೆಯಿಂದ ವಿಗ್ರಹದ ಕಣ್ಣು ತೆರೆಸುವ ತನಕ ಎತ್ತಿದವನು ಸುಳ್ಳಾಡುವಂತಿಲ್ಲ. ಸಾಮಾನ್ಯವಾಗಿ ಅದು ನಾಗಮಂಗಲದಿಂದ ಪಕ್ಕದ ಊರಿನ ಗುಡಿಗೆ ಹೋಗಿ ಬರುವ ಒಂದು ದಿನದ ನೇಮ. ದಾರಿಯಲ್ಲಿ ಯಾರು ತಾನೇ ಏನು ಕೇಳುತ್ತಾರೆ? ಬಸ್ ಕಂಡಕ್ಟರಿಗೆ ಊರಿನ ಹೆಸರು ಹೇಳಿದರೆ ಮುಗಿಯಿತು. ಆ ನೇಮ ಹಾಕಿದ ಹಿರಿಯರಿಗೆ ನಡುವೆ ಸಮುದ್ರವೊಂದು, ಅದರಾಚೆ ಇಮಿಗ್ರೇಷನ್ ಕೌಂಟರೊಂದು ಬರುತ್ತದೆಂದು ಗೊತ್ತಿರಲಿಲ್ಲ.

ಗೌಡರು ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು.

“ಲೇ ನಂಜುಂಡ, ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂತಾರೆ ಕಣ್ಲಾ. ನೀನ್ ಒಂದೇ ಒಂದ್ ಸುಳ್ಳೇಳಿ ದೇವ್ರ್ ಕಣ್ ತೆರ್ಸಕ್ಕಾಗಕ್ಕಿಲ್ವಾ? ಏಳ್ಬುಡ್ಲಾ. ಪಾಪ ಬಂದ್ರೆ ನಂಗ್ ಬರ್ಲಿ.”

ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. ಗೌಡರು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಆಯ್ತು ಬುಡು ಎಂದು ಮೆಲ್ಲಗೆ ಹೇಳಿ ರಿಸೀವರನ್ನು ನನಗೆ ಕೊಟ್ಟರು. ಆಚಾರ್ರು ಅಂದದ್ದನ್ನು ಗೌಡರು ಆಮೇಲೆ ಹೇಳಿದರು. ಸುಳ್ಳಾಡಿದ ಬಾಯಿ ಇಟ್ಟುಕೊಂಡು ತೆರೆಸಿದರೆ ಅದು ಗೆರೆ ಆಗುತ್ತದಂತೆ, ಕಣ್ಣಾಗುವುದಿಲ್ಲವಂತೆ. ಸುಳ್ಳಾಡದೆ ಇದ್ದರೆ ಗುಡಿಯ ಬಾಗಿಲಿಗೇ ಹೋಗುವಂತಿಲ್ಲ. ಎರಡು ಕಡೆಯೂ ಗೋಡೆ. ಇಂಥ ಇಕ್ಕಟ್ಟನ್ನು ನಾನು ನನ್ನ ಕೆಲಸದಲ್ಲಿ ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಧಿಕಾರಿ ಇನ್ನೂ ಸ್ವಲ್ಪ ಹೊತ್ತು ಕಾದನಂತೆ. ಆಮೇಲೆ ಬರೆಯದೆ ವಿಧಿಯಿರಲಿಲ್ಲ. ಬರೆದ. ನಮ್ಮ ಕಸುಬಿನ ಭಾಷೆಯಲ್ಲಿ ಹಾಗೆ ಬಾಗಿಲಲ್ಲೇ ತಡೆದವರನ್ನು ಇನ್‌ಅಡ್ಮಿಸಿಬಲ್ ಎನ್ನುತ್ತಾರೆ. ಪ್ರವೇಶಕ್ಕೆ ಅನರ್ಹ ಎಂದು ಅರ್ಥ. ಅಂಥ ಪ್ರಯಾಣಿಕನನ್ನು ಕರೆತಂದ ಏರ್‌ಲೈನ್ಸ್‌ನವರೇ ತಮ್ಮ ಮುಂದಿನ ವಿಮಾನದಲ್ಲಿ ವಾಪಸ್ ಒಯ್ಯಬೇಕು. ಆ ವಿಮಾನ ಮಾರನೆಯ ದಿನಕ್ಕಿತ್ತು. ಅಲ್ಲಿಯ ತನಕ ಆಚಾರ್ರು ಆ ಕಟ್ಟಡದ ಒಂದು ಕೋಣೆಯಲ್ಲಿ ಇರಬೇಕು. ಗುಡಿ ಅಲ್ಲಿಂದ ಕಾರಿನಲ್ಲಿ ಹೋದರೆ ಬಹಳ ದೂರವೇನೂ ಇರಲಿಲ್ಲವಂತೆ. ಕೋಣೆಯ ಕಿಟಕಿಯಿಂದ ಕಬ್ಬಿನ ಗದ್ದೆ ಕಾಣುತ್ತಿತ್ತು, ಥೇಟ್ ನಿಮ್ಮ ಪಾಂಡವಪುರದ ಹಂಗೇ ಇತ್ತು ತಾಯಿ ಎಂದು ಆಮೇಲೆ ಅವರೇ ಹೇಳಿದರು.

ಒಂದು ಹಗಲು ನಮ್ಮ ಕೈಲಿತ್ತು. ಆ ಹಗಲಿನಲ್ಲಿ ನಾನು ಮಾಡಿದ ಫೋನುಗಳನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಕನಿಕರವಾಗುತ್ತದೆ. ಬೊಂಬಾಯಿಯ ಏರ್‌ಲೈನ್ಸ್ ಕಚೇರಿಯವರು, ನಮ್ಮ ಕೆಲಸ ಸೀಟು ಕೊಡುವುದು, ಪ್ರವೇಶ ಕೊಡುವುದಲ್ಲ ಎಂದರು. ಆ ದೇಶದ ಪ್ರತಿನಿಧಿ ಕಚೇರಿಯ ಹೆಣ್ಣುಮಗಳು ಬಹಳ ವಿನಯದಿಂದ, ಬರಹದಲ್ಲಿ ಕಳಿಸಿ, ಮೇಲಿನವರ ಗಮನಕ್ಕೆ ತರುತ್ತೇವೆ ಎಂದಳು. ಅಷ್ಟು ವಿನಯವಾಗಿ ಇಲ್ಲ ಎನ್ನಿಸಿಕೊಂಡರೆ ಜಗಳವಾಡಲು ಕೂಡ ಆಗುವುದಿಲ್ಲ. ಆ ಕಡೆ ಡಾಕ್ಟರು ಅವರ ಸರ್ಕಾರದ ದೊಡ್ಡವರೊಬ್ಬರನ್ನು ಹಿಡಿದರಂತೆ. ಅವರೂ ಗುಡಿಗೆ ದೇಣಿಗೆ ಕೊಟ್ಟ ಭಕ್ತರೇ. ಕೈಮುಗಿದು, ಅಧಿಕಾರಿ ಬರೆದುಬಿಟ್ಟಿದ್ದಾನಲ್ಲ, ಬರೆಯುವ ಮೊದಲಾಗಿದ್ದರೆ ನೋಡಬಹುದಿತ್ತು ಎಂದರಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ. ಬೇಡುವವನೇ ಕೈಚಾಚಲಿಲ್ಲ.

ಬೋರೇಗೌಡರ ಪ್ರಯತ್ನಗಳು ಬೇರೆ. ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿಯಿಂದ ಆಚಾರ್ರು ಕೆಲಸಕ್ಕೆ ಹೋದವರಲ್ಲ ಎಂದು ಒಂದು ಸರ್ಟಿಫಿಕೇಟು ಬರೆಸಿ ತರಲೇ ಎಂದು ಕೇಳಿದರು. ತಹಸೀಲ್ದಾರರ ಮೊಹರು ಕಾವೇರಿ ದಾಟಿದರೇ ಹೆಚ್ಚು, ಸಮುದ್ರ ದಾಟುವುದಿಲ್ಲ ಗೌಡರೇ ಎಂದೆ. ಹಾಗಾದರೆ ಎಮ್ಮೆಲ್ಲೆಯ ಮನೆಗೆ ಹೋಗಲೇ ಎಂದರು. ನಾನು ಅವರಿಗೆ ಇನ್ನೊಂದು ಟೀ ತರಿಸಿದೆ. ಸಂಜೆ ಇಬ್ಬರೂ ಫೋನಿನ ಎದುರು ಕೂತೆವು. ಹೊರಗೆ ಮೈಸೂರಿನ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ನನ್ನ ಮೇಜಿನ ಮೇಲಿನ ಪುಸ್ತಕದಲ್ಲಿ ಪ್ರಪಂಚದ ಎಲ್ಲ ದೇಶಗಳ ನಿಯಮವಿತ್ತು, ನಮ್ಮ ಆಚಾರ್ರಿಗೆ ಆಗುವಂಥ ಒಂದು ಸಾಲು ಎಲ್ಲೂ ಇರಲಿಲ್ಲ. ನನಗೆ ಅಳು ಬರುವ ಹಾಗಾಗಿತ್ತು. ಗೌಡರ ಎದುರು ಅಳಬಾರದೆಂದು ಕ್ಯಾಲೆಂಡರು ನೋಡುತ್ತ ಕೂತೆ.

ಆಚಾರ್ರು ಬೊಂಬಾಯಿಗೆ ಬಂದು, ಬೆಂಗಳೂರಿಗೆ ಬಂದು, ಮುಹೂರ್ತದ ಹಿಂದಿನ ದಿನ ಮಧ್ಯಾಹ್ನ ನೇರ ನಮ್ಮ ಕಚೇರಿಯ ಮುಂದೆ ಬಸ್ಸಿಳಿದರು. ಮನೆಗೆ ಹೋಗಿರಲಿಲ್ಲ. ಅವರ ಮನೆಯಲ್ಲಿ ಫೋನಿರಲಿಲ್ಲ. ಏನಾದರೂ ದಾರಿ ಕಂಡರೆ ನಮ್ಮ ಕಚೇರಿಗೇ ಫೋನು ಮಾಡುತ್ತೇನೆಂದು ಡಾಕ್ಟರು ಹೇಳಿ ಕಳಿಸಿದ್ದರು. ಗೌಡರೂ ಬಂದಿದ್ದರು. ಆಚಾರ್ರ ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು, ಬೆಂಚಿನ ತುದಿಯಲ್ಲಿ ಕೂತು ನೀರು ಕುಡಿದರು. ನಾನು ಬೈಯಬೇಕೆಂದು ಕೂಡಿಟ್ಟುಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. ಊಟ ಮಾಡಿದಿರಾ ಎಂದು ಕೇಳಿದೆ. ಇಲ್ಲ ತಾಯಿ, ಉಳಿ ಇನ್ನೂ ಸೊಂಟದಲ್ಲೇ ಇದೆ, ಹೊರಗಿನದು ತಿನ್ನುವ ಹಾಗಿಲ್ಲ ಎಂದರು. ಬಾಳೆಹಣ್ಣು ತಿಂದುಕೊಂಡೇ ಅಷ್ಟು ದೂರ ಹೋಗಿ ಬಂದಿದ್ದರು.

ಅವರಿಗೆ ಇನ್ನೂ ಆಸೆಯಿತ್ತು. ಅದನ್ನು ನೋಡಿಯೇ ನನಗೆ ಸಂಕಟವಾಯಿತು. ಮುಹೂರ್ತ ಮುಂದಕ್ಕೆ ಹೋದರೆ, ಪರ್ಮಿಟ್ ಸಿಕ್ಕರೆ, ಬರುವ ವರ್ಷವಾದರೂ ಆದರೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಆ ವಿಗ್ರಹದ ಮುಖದ ಬಗ್ಗೆ ಆವತ್ತು ಮೊದಲ ಸಲ ನಮ್ಮ ಹತ್ತಿರ ಮಾತಾಡಿದರು. ತುಟಿಯ ಕೊನೆಯಲ್ಲಿ ಒಂಚೂರು ನಗು ಬಂದಿದೆ, ಅದು ತಾವು ತಂದದ್ದಲ್ಲ, ಎರಕದಲ್ಲೇ ತಾನಾಗಿ ಬಂದದ್ದು, ಆ ನಗುವಿಗೆ ಹೊಂದುವಂತೆ ಕಣ್ಣನ್ನು ಸ್ವಲ್ಪ ಕೆಳಗೆ ನೋಡಿಸಬೇಕು, ಇಲ್ಲದಿದ್ದರೆ ನಗು ಬೇರೆ ಕಣ್ಣು ಬೇರೆ ಆಗುತ್ತದೆ ಎಂದರು. ಇಷ್ಟು ಹೇಳುವಾಗ ಅವರ ಬೆರಳು ಗಾಳಿಯಲ್ಲಿ ಗೆರೆ ಎಳೆಯುತ್ತಿತ್ತು.

ಫೋನು ಬಂದದ್ದು ಆಗ. ಡಾಕ್ಟರು ಮೊದಲು ನನಗೆ ಹೇಳಿದರು. ಜನಕ್ಕೆಲ್ಲ ಹೇಳಿಯಾಗಿದೆ, ಬೇರೆ ಬೇರೆ ಊರುಗಳಿಂದ ಬಂದಿದ್ದಾರೆ, ಮುಹೂರ್ತ ತಪ್ಪಿಸುವಂತಿಲ್ಲ. ಆ ದ್ವೀಪದ ಇನ್ನೊಂದು ಗುಡಿಯ ಗೋಪುರದ ಕೆಲಸಕ್ಕೆ ಬಂದಿದ್ದ ಹೊಸೂರು ಕಡೆಯ ಸ್ಥಪತಿಯೊಬ್ಬರು ಇದ್ದಾರೆ, ಪರ್ಮಿಟ್ ಇದೆ, ಕನ್ನಡವೂ ಬರುತ್ತದೆ. ಆದರೆ ಅವರು ಇನ್ನೊಬ್ಬನ ಕೈ ಆಡಿದ ವಿಗ್ರಹವನ್ನು ಮುಟ್ಟುವುದಿಲ್ಲ ಎಂದು ಕೂತಿದ್ದಾರೆ. ಮಾಡಿದವನು ತನ್ನ ಬಾಯಿಂದ, ಮನಸಾರೆ ಒಪ್ಪಿದ್ದೇನೆ ಎಂದರೆ ಮಾತ್ರ ಉಳಿ ಹಿಡಿಯುತ್ತಾರಂತೆ. ಈಗ ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದಾರೆ, ಆಚಾರ್ರಿಗೆ ಕೊಡಿ ಎಂದರು.

ನಾನು ವಿಷಯವನ್ನು ಆಚಾರ್ರಿಗೆ ತಿಳಿಸಿ ರಿಸೀವರ್ ಕೊಟ್ಟೆ. ಅವರು ಎದ್ದು ನಿಂತು ಅದನ್ನು ಕಿವಿಗೆ ಹಿಡಿದರು. ಆ ತುದಿಯ ದನಿ ಸಣ್ಣಗೆ ನನಗೂ ಕೇಳುತ್ತಿತ್ತು. ವಯಸ್ಸಾದವರ ದನಿ. ನಮಸ್ಕಾರ ಹೇಳಿ, ತಮಗೆ ಇದು ಇಷ್ಟದ ಕೆಲಸವಲ್ಲ ಎಂದರು. ಮುಖ ತುಂಬಾ ಚೆನ್ನಾಗಿ ಬಂದಿದೆ ಎಂದರು. ಆಮೇಲೆ ಕೇಳಿದರು, ಮನಸ್ಸಿನಲ್ಲಿ ಒಂದು ಎಳೆಯೂ ಬೇರೆ ಇಲ್ಲದೆ ಒಪ್ಪಿದ್ದೀರಾ ಎಂದು.

ಆಚಾರ್ರ ಕೈ ಸೊಂಟದ ಉಳಿಯ ಮೇಲೆ ಹೋಯಿತು. ಒಪ್ಪಿಲ್ಲ ಎಂದರೆ ಅಷ್ಟು ಜನ ಸೇರಿದ ಗುಡಿಯಲ್ಲಿ ನಾರಾಯಣ ಕಣ್ಣಿಲ್ಲದೆ ನಿಲ್ಲಬೇಕು. ಒಪ್ಪಿದ್ದೇನೆ ಎಂದರೆ ಅದು ನಿಜವಲ್ಲ. ಅವರ ಮುಖ ನೋಡಿದ ಯಾರಿಗೂ ಅದು ಗೊತ್ತಾಗುತ್ತಿತ್ತು. ಆ ತುದಿಯಿಂದ ಹಲೋ, ಹಲೋ ಎಂದು ಎರಡು ಸಲ ಬಂತು.

ಆಚಾರ್ರು ರಿಸೀವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅಂಗಿ ಎತ್ತಿ ಉಡುದಾರದ ಗಂಟು ಬಿಚ್ಚಿದರು. ಗಂಟು ಬಿಗಿದಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಚಿನ್ನದ ಉಳಿಯನ್ನು ತೆಗೆದು, ಕಣ್ಣಿಗೆ ಒತ್ತಿಕೊಂಡು, ನನ್ನ ಮೇಜಿನ ಆ ತುದಿಯಲ್ಲಿ, ತಮ್ಮ ಕೈಗೆ ಎಟುಕದ ಹಾಗೆ ದೂರ ಇಟ್ಟರು. ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ರಿಸೀವರ್ ಎತ್ತಿಕೊಂಡು, ನಾನು ಅವರ ಬಾಯಿಂದ ಕೇಳದೇ ಇದ್ದಷ್ಟು ಸ್ಪಷ್ಟವಾದ ದನಿಯಲ್ಲಿ ಹೇಳಿದರು.

“ಮನಸಾರೆ ಒಪ್ಪಿವ್ನಿ ಅಣ್ಣಾ. ನಿಮ್ ಕೈ ಬೇರೆ ಅಲ್ಲ, ನನ್ ಕೈ ಬೇರೆ ಅಲ್ಲ. ಒಂಚೂರು ಕೆಳಕ್ಕೆ ನೋಡೋ ಅಂಗೆ ತೆರ್ಸಿ.”

ಫೋನಿಟ್ಟರು. ಆಚಾರ್ರು ಹೊರಗೆ ಹೋಗಿ ಪಕ್ಕದ ಹೋಟೆಲಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದರು. ಮತ್ತೆ ಮುಕ್ಕಳಿಸಿದರು. ಬೋರೇಗೌಡರು ಹಿಂದೆಯೇ ಹೋದರು. ಅಲ್ಲೇ ನಿಂತು ಕೇಳಿದರು:

“ಅಲ್ಲಿ ಏಳ್ದೆ ಇದ್ದೋನು ಇಲ್ಯಾಕ್ಲಾ ಏಳ್ದೆ?”

“ಅಲ್ಲಿ ಏಳಿದ್ರೆ ನಂಗೋಸ್ಕರ ಏಳ್ದಂಗಾಗೋದು ಗೌಡ,” ಎಂದರು ಆಚಾರ್ರು. “ದೇವ್ರು ಕಣ್ಣಿಲ್ದೆ ನಿಲ್ಬಾರ್ದಲ್ಲ.”

ಗೌಡರು ಅವರನ್ನು ನಾಗಮಂಗಲದ ಬಸ್ಸಿಗೆ ಹತ್ತಿಸಿ ತಾವೂ ಹತ್ತಿದರು. ಉಳಿಯನ್ನು ನಾನೇ ಒಂದು ಹೊಸ ಕರ್ಚೀಫಿನಲ್ಲಿ ಸುತ್ತಿ ಗೌಡರ ಕೈಗೆ ಕೊಟ್ಟೆ. ಆಚಾರ್ರು ಅದನ್ನು ಮುಟ್ಟಲಿಲ್ಲ.

ಆಮೇಲೆ ನಾನು ಇನ್ನೂ ಬಹಳ ವರ್ಷ ಟಿಕೆಟ್ ಬರೆದೆ. ಆ ಪ್ರಕರಣ ನನ್ನ ಕಸುಬಿಗೆ ಕಲಿಸಿದ್ದನ್ನು ಹೇಳುವುದು ಸುಲಭ. ವೀಸಾ ಬೇಡ ಎಂಬ ಮಾತನ್ನು ಜನ ಬಾಗಿಲು ತೆರೆದಿದೆ ಎಂದು ಕೇಳಿಸಿಕೊಳ್ಳುತ್ತಾರೆ. ಮೊದಲೇ ಕೇಳುವುದಿಲ್ಲ, ಬಾಗಿಲಿಗೆ ಬಂದ ಮೇಲೆ ಕೇಳುತ್ತೇವೆ ಎಂದಷ್ಟೇ ಅದರ ಅರ್ಥ. ಅದರಲ್ಲೂ ಒಮ್ಮೆ ದುಡಿದು ಬಂದ ದೇಶಕ್ಕೆ ಟೂರಿಸ್ಟ್ ಆಗಿ ಮತ್ತೆ ಹೋಗುವವನಿಗೆ ಹಳೆಯ ಮುದ್ರೆಯೇ ಎದುರು ಸಾಕ್ಷಿ. ಹಾಗೆ ಬಂದವರಿಗೆಲ್ಲ ನಾನು ಮೊದಲು ಏಕೆ ಹೋಗುತ್ತೀರಿ ಎಂದು ಕೇಳುತ್ತಿದ್ದೆ, ಉತ್ತರ ಸರಿಕಾಣದಿದ್ದರೆ ಟಿಕೆಟ್ ಬರೆಯದೆ ವಾಪಸ್ ಕಳಿಸುತ್ತಿದ್ದೆ. ವ್ಯಾಪಾರ ಹಾಳು ಮಾಡುತ್ತೀಯಾ ಎಂದು ಮಾಲೀಕರು ಬೈದರು. ಬೈಸಿಕೊಂಡೆ.

ಕೆಲವರು, ಹಾಗಾದರೆ ಅಲ್ಲಿ ಏನು ಹೇಳಬೇಕು ನೀವೇ ಹೇಳಿಕೊಡಿ ಎಂದು ಕೇಳುತ್ತಿದ್ದರು. ನಿಜ ಹೇಳಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಸುಳ್ಳು ಹೇಳಿ ಎನ್ನಲೂ ಆಗುತ್ತಿರಲಿಲ್ಲ. ಟಿಕೆಟ್ಟನ್ನು ಕವರಿಗೆ ಹಾಕಿ ಕೊಡುತ್ತ, ಹುಷಾರಾಗಿ ಹೋಗಿ ಬನ್ನಿ ಎಂದಷ್ಟೇ ಹೇಳುತ್ತಿದ್ದೆ.